ದಾರಿ ನಿಂತಲ್ಲಿ ಸಿಕ್ಕವರು

ಇಸ್ತಾಂಬುಲ್‌ನ ಸುಲ್ತಾನ್‌ಅಹ್ಮೆತ್‌ನಲ್ಲಿ, ನೀಲಿ ಮಸೀದಿಯಿಂದ ಕೂಗಳತೆ ದೂರದಲ್ಲಿ, ಲಾಲೆ ರೆಸ್ಟೋರೆಂಟ್ ಎಂಬ ಹೋಟೆಲ್ ಇದೆ. 1957ರಲ್ಲಿ ಚೋಲ್ಪಾನ್ ಮನೆತನದ ಅಣ್ಣತಮ್ಮಂದಿರು ತೆರೆದದ್ದು. ಅಲ್ಲಿಯ ಅಕ್ಕಿ ಪಾಯಸದ ರುಚಿ ಹತ್ತಿದ ವಿದೇಶಿ ಹುಡುಗರ ಬಾಯಲ್ಲಿ ಅದು ಪುಡ್ಡಿಂಗ್ ಶಾಪ್ ಆಯಿತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಸಿಕ್ಕ ಬಸ್ಸು, ವ್ಯಾನು, ಲಾರಿ ಹಿಡಿದು ಟೆಹರಾನ್, ಹೆರಾತ್, ಕಾಬೂಲ್, ಲಾಹೋರ್ ದಾಟಿ ದೆಹಲಿಗೋ ಕಠ್ಮಂಡುವಿಗೋ ಹೊರಟವರು ಮೊದಲು ಬಂದು ಸೇರುತ್ತಿದ್ದದ್ದು ಇಲ್ಲಿಗೆ. ಗೋಡೆಯ ಮೇಲೊಂದು ನೋಟಿಸ್ ಬೋರ್ಡು ಇತ್ತು. ಪೂರ್ವಕ್ಕೆ ಹೊರಟ ಗಾಡಿಯಲ್ಲಿ ಜಾಗವಿದ್ದವರು ಅಲ್ಲಿ ಚೀಟಿ ಅಂಟಿಸುತ್ತಿದ್ದರು, ಜಾಗ ಬೇಕಾದವರೂ ಅಂಟಿಸುತ್ತಿದ್ದರು. ಚೀಟಿಗೆ ಉತ್ತರ ಬರುವವರೆಗೆ ಮಾಡುವುದೇನು? ಪಾಯಸ ತಿನ್ನುತ್ತ ಪಕ್ಕದ ಮೇಜಿನವರೊಡನೆ ಮಾತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತು. ಆ ನೆಲಮಾರ್ಗ ಅಲ್ಲಿಗೆ ಮುಚ್ಚಿತು. ಹೋಟೆಲ್ ಈಗಲೂ ಇದೆ.

ಬೆನ್ನಿಗೆ ಚೀಲ ಹಾಕಿ ಹೊರಟರೆ ಗೆಳೆಯರು ಹೇಗೆ ಸಿಗುತ್ತಾರೆ ಎಂದು ಈ ಅಂಕಣದ ಓದುಗರು ಆಗಾಗ ಕೇಳುತ್ತಾರೆ. ಇಷ್ಟು ವರ್ಷದ ಓಡಾಟದಲ್ಲಿ ನಾನು ಕಂಡುಕೊಂಡ ಉತ್ತರ ಆ ಬೋರ್ಡಿನ ಮುಂದೆಯೇ ಇದೆ. ನಡೆಯುವಾಗ ಸಿಕ್ಕವರು ಕೈ ಬೀಸಿ ಮುಂದೆ ಹೋಗುತ್ತಾರೆ. ದಾರಿ ನಿಂತು, ಮುಂದಿನ ಬಸ್ಸಿಗೋ ದೋಣಿಗೋ ಹವಾಮಾನಕ್ಕೋ ಕಾಯುತ್ತ ಕೂರಬೇಕಾದ ಕಡೆ ಸಿಕ್ಕವರು ಗೆಳೆಯರಾಗುತ್ತಾರೆ. ಹಾಗಾಗಿ ನಾನು ದಾರಿಗಿಂತ ಹೆಚ್ಚು ಮುತುವರ್ಜಿಯಿಂದ ಆರಿಸುವುದು ತಂಗುವ ಜಾಗವನ್ನು.

ಇದಕ್ಕೊಂದು ಲೆಕ್ಕವೂ ಇದೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಯ ಸಾಧಾರಣ ಸ್ನೇಹವಾಗಲು ಇಬ್ಬರೂ ಜೊತೆಯಲ್ಲಿ ಸುಮಾರು 50 ಗಂಟೆ ಕಳೆದಿರಬೇಕು; ಗೆಳೆಯ ಎನ್ನಿಸಿಕೊಳ್ಳಲು ಸುಮಾರು 90; ಆಪ್ತನಾಗಲು 200ಕ್ಕೂ ಹೆಚ್ಚು. ಬೆಂಗಳೂರಿನಲ್ಲಿ ವಾರಕ್ಕೊಮ್ಮೆ ಎರಡು ತಾಸು ಸಿಗುವವರಿಗೆ ಆ 200 ಗಂಟೆ ತುಂಬಲು ಎರಡು ವರ್ಷ ಬೇಕು. ಚಾರಣದಲ್ಲಿ ಬೆಳಗಿನ ಚಹಾದಿಂದ ರಾತ್ರಿ ದೀಪ ಆರಿಸುವ ತನಕ ದಿನಕ್ಕೆ ಹದಿನಾಲ್ಕು ಗಂಟೆ ಜೊತೆಗಿದ್ದರೆ ಹದಿನೈದು ದಿನ ಸಾಕು. ದಾರಿಯ ಗೆಳೆತನ ಅವಸರದ್ದು, ಹುಸಿ ಎನ್ನುವವರಿಗೆ ನಾನು ಈ ಲೆಕ್ಕ ಒಪ್ಪಿಸುತ್ತೇನೆ.

ಅಪರಿಚಿತರನ್ನು ಒಂದೇ ಸೂರಿನಡಿ ಮಲಗಿಸುವ ಯೂತ್ ಹಾಸ್ಟೆಲ್‌ನ ಕಲ್ಪನೆ ಬಂದದ್ದು ಜರ್ಮನಿಯ ಶಾಲಾ ಮೇಷ್ಟ್ರು ರಿಚರ್ಡ್ ಶಿರ್ಮನ್ ಅವರಿಗೆ. 1909ರ ಆಗಸ್ಟ್ ತಿಂಗಳಲ್ಲಿ ಮಕ್ಕಳನ್ನು ಕಾಲ್ನಡಿಗೆ ಪ್ರವಾಸಕ್ಕೆ ಕರೆದೊಯ್ದಿದ್ದಾಗ ಬಿರುಗಾಳಿ ಮಳೆಗೆ ಸಿಕ್ಕಿ, ಒಂದು ಹಳ್ಳಿ ಶಾಲೆಯಲ್ಲಿ ಹುಲ್ಲಿನ ಮೇಲೆ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳನ್ನೇ ತಂಗುದಾಣ ಮಾಡಬಾರದೇಕೆ ಎಂಬ ಯೋಚನೆ ಆ ರಾತ್ರಿಯದು. 1912ರಲ್ಲಿ ಆಲ್ಟೆನಾ ಊರಿನ ಕೋಟೆಯಲ್ಲಿ ಮೊದಲ ಕಾಯಂ ಹಾಸ್ಟೆಲ್ ಶುರುವಾಯಿತು. ಆಮೇಲೆ ಮಹಾಯುದ್ಧ ಬಂತು. 1915ರ ಕ್ರಿಸ್‌ಮಸ್‌ನಲ್ಲಿ ವೋಜ್ ಬೆಟ್ಟಗಳ ಕಂದಕದಲ್ಲಿದ್ದ ಶಿರ್ಮನ್, ಜರ್ಮನ್ ಮತ್ತು ಫ್ರೆಂಚ್ ಸೈನಿಕರು ಬಂದೂಕು ಕೆಳಗಿಟ್ಟು ಬ್ರೆಡ್ಡು, ವೈನು, ಸಿಗರೇಟು ಹಂಚಿಕೊಂಡದ್ದನ್ನು ಕಂಡು ಬರೆದಿಟ್ಟಿದ್ದಾರೆ. ಬೇರೆ ಬೇರೆ ದೇಶದ ಎಳೆಯರು ಒಬ್ಬರನ್ನೊಬ್ಬರು ಕಂಡು ಅರಿಯಲು ಒಂದು ಜಾಗ ಬೇಕು ಎಂಬ ಮಾತು ಅವರ ಮನಸ್ಸಿನಲ್ಲಿ ಗಟ್ಟಿಯಾದದ್ದು ಆಗ. ಹಾಸ್ಟೆಲ್ ಎಂದರೆ ಅಗ್ಗದ ಹಾಸಿಗೆ ಎಂದಷ್ಟೇ ತಿಳಿದವರಿಗೆ ಈ ಕಥೆ ಗೊತ್ತಿರಬೇಕು.

ಒಳ್ಳೆಯ ಹಾಸ್ಟೆಲ್‌ಗೆ ನನ್ನ ಅಳತೆಗೋಲು ಅಡುಗೆಮನೆ. ಈರುಳ್ಳಿ ಹೆಚ್ಚಲು ಒಂದೇ ಮಣೆ, ಒಂದೇ ಚಾಕು ಇದ್ದು, ಸರದಿ ಕಾಯಬೇಕಾದ ಅಡುಗೆಮನೆ ಇದ್ದರೆ ಆ ರಾತ್ರಿ ಜೊತೆ ಗ್ಯಾರಂಟಿ. ಡಾರ್ಮಿಟರಿಯಲ್ಲಿ ನಾಲ್ಕರಿಂದ ಎಂಟು ಮಂಚ ಹದ; ಅದರ ಮೇಲೆ ಹೋದರೆ ಯಾರಿಗೆ ಯಾರೂ ಇಲ್ಲ. ಕೆಳಮಹಡಿಯಲ್ಲಿ ಬಾರ್ ಇಟ್ಟು ಹಾಡು ಹಚ್ಚುವ ಹಾಸ್ಟೆಲ್‌ಗಳಲ್ಲಿ ಮಾತೇ ಕೇಳಿಸುವುದಿಲ್ಲ, ಮತ್ತೆಲ್ಲಿಯ ಗೆಳೆತನ.

ನಮ್ಮ ಹಂಪಿಯಲ್ಲಿ ಜನರನ್ನು ಒಂದೆಡೆ ಕೂರಿಸುವ ಕೆಲಸವನ್ನು ಹೊಳೆ ಮಾಡುತ್ತಿತ್ತು. ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆಯಲ್ಲಿ ತಂಗಿದವರಿಗೆ ಸಂಜೆಯ ಕೊನೆಯ ದೋಣಿ ತಪ್ಪಿದರೆ ಸುತ್ತು ಬಳಸಿ ರಸ್ತೆಯಲ್ಲಿ ಬರಬೇಕಿತ್ತು. ಕತ್ತಲಾದ ಮೇಲೆ ಆಚೆಯವರು ಆಚೆ, ಈಚೆಯವರು ಈಚೆ. ಗದ್ದೆಯ ಬದಿಯ ಹೋಟೆಲ್‌ಗಳಲ್ಲಿ ನೆಲದ ಮೇಲೆ ದಿಂಬು ಹಾಕಿ ಕೂತ ಇಸ್ರೇಲಿನ, ಫ್ರಾನ್ಸಿನ ಹುಡುಗರು, ಬಂಡೆ ಹತ್ತಲು ಬಂದವರು, ಪುಣೆ–ಬೆಂಗಳೂರಿನವರು ಎಲ್ಲರೂ ಮಲಗುವ ತನಕ ಒಂದೇ ಕೂಟ. ಸುಪ್ರೀಂ ಕೋರ್ಟ್ ಆದೇಶದಂತೆ 2020ರಲ್ಲಿ ಅಲ್ಲಿಯ ಅನಧಿಕೃತ ಕಟ್ಟಡಗಳನ್ನು ಕೆಡವಿದರು. ಸ್ಮಾರಕಗಳ ನೆರೆಯನ್ನು ಕಾಯಬೇಕಾದದ್ದು ಸರಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಂಪಿಗೆ ಬಂದವರು ಈಗ ಆನೆಗೊಂದಿ, ಸಾಣಾಪುರಗಳಲ್ಲಿ ಚದುರಿ ಹೋಗಿದ್ದಾರೆ. ಆ ಸಂಜೆಯ ಕೂಟ ಮತ್ತೆ ಕಟ್ಟಿಕೊಂಡಿಲ್ಲ.

ಇನ್ನು ನಾನು ಎಲ್ಲಕ್ಕಿಂತ ಮೇಲೆ ಇಡುವ ತಂಗುದಾಣ: ನೇಪಾಳದ ಮನಾಂಗ್.

ಅನ್ನಪೂರ್ಣ ಸುತ್ತಿನ ಚಾರಣದಲ್ಲಿ 5,416 ಮೀಟರ್ ಎತ್ತರದ ಥೊರೊಂಗ್ ಲಾ ಕಣಿವೆಯನ್ನು ದಾಟಬೇಕು. ಅದಕ್ಕೆ ಮೊದಲು, 3,540 ಮೀಟರ್ ಎತ್ತರದ ಮನಾಂಗ್‌ನಲ್ಲಿ ಮೈ ಒಗ್ಗಿಸಿಕೊಳ್ಳಲು ಒಂದು ದಿನವಾದರೂ ಹೆಚ್ಚಿಗೆ ನಿಲ್ಲುವುದು ರೂಢಿ. ಎತ್ತರಕ್ಕೆ ಅವಸರ ಮಾಡಿದವರಿಗೆ ತಲೆನೋವು, ವಾಂತಿ, ಕೆಟ್ಟರೆ ಶ್ವಾಸಕೋಶದಲ್ಲಿ, ಮಿದುಳಿನಲ್ಲಿ ನೀರು. ಹೀಗಾಗಿ ಶ್ರೀಮಂತ, ಬಡವ, ಗಟ್ಟಿಗ, ಸೋಮಾರಿ ಎಲ್ಲರೂ ಅಲ್ಲಿ ನಿಲ್ಲಬೇಕು. ಸೀಸನ್ನಿನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ವೈದ್ಯರು ಮಧ್ಯಾಹ್ನ ಎತ್ತರದ ಕಾಯಿಲೆಯ ಬಗ್ಗೆ ಪಾಠ ಹೇಳುತ್ತಾರೆ. ಅದು ಮುಗಿದ ಮೇಲೆ ಗಂಗಾಪೂರ್ಣ ಹಿಮನದಿಯಿಂದ ಕೊರೆಯುವ ಗಾಳಿ ಬೀಸುತ್ತದೆ, ಎಲ್ಲರೂ ಲಾಡ್ಜಿನ ಊಟದ ಕೋಣೆ ಸೇರುತ್ತಾರೆ. ಬೆಚ್ಚಗಿರುವುದು ಅದೊಂದೇ ಕೋಣೆ.

ನಡುವೆ ಕಬ್ಬಿಣದ ಒಲೆ, ಅದರ ಕೊಳವೆಗೆ ಕಟ್ಟಿದ ತಂತಿಯ ಮೇಲೆ ಎಲ್ಲರ ಒದ್ದೆ ಕಾಲುಚೀಲ. ಲಾಡ್ಜಿನ ದೀದಿ ಒಂದು ನೋಟ್‌ಬುಕ್ ತಂದು ಮೇಜಿನ ಮೇಲೆ ಇಡುತ್ತಾಳೆ. ಕೋಣೆಯ ನಂಬರಿನ ಮುಂದೆ ಯಾರಿಗೆ ಏನು ಬೇಕೋ ನಾವೇ ಬರೆಯಬೇಕು. ದಾಲ್ ಭಾತ್ ಬರೆದವರು ಬೇಗ ಏಳುವುದಿಲ್ಲ, ಏಕೆಂದರೆ ಅನ್ನ, ಬೇಳೆ ಎರಡನೇ ಸಲ ಕೇಳಿದರೂ ಬಡಿಸುತ್ತಾರೆ. ಒಮ್ಮೆ ಹಾಗೆ ಕೂತಿದ್ದಾಗ ಎದುರಿಗಿದ್ದ ಕೊರಿಯಾದ ನಿವೃತ್ತ ಮೇಷ್ಟ್ರು ಸೇಬನ್ನು ಸಿಪ್ಪೆ ತುಂಡಾಗದಂತೆ ಉದ್ದಕ್ಕೆ ಹೆರೆದು, ಮೇಜಿನ ಸುತ್ತ ಇದ್ದಷ್ಟು ತಲೆ ಎಣಿಸಿ ಅಷ್ಟೇ ಹೋಳು ಮಾಡಿ ಹಂಚಿದರು. ನಾನು ಚಟ್ನಿಪುಡಿ ಡಬ್ಬಿ ತೆಗೆದೆ. ಚಿಲಿ ದೇಶದ ನರ್ಸ್ ಒಬ್ಬಳು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಎಲ್ಲರಿಗೂ ದಾಟಿಸಿ, ಬಂದ ಅಂಕಿಗಳನ್ನು ಕಾಗದದಲ್ಲಿ ಗುರುತು ಹಾಕಿಕೊಂಡಳು. ನೆದರ್‌ಲ್ಯಾಂಡ್ಸ್‌ನ ಬಡಗಿಯೊಬ್ಬ ಪೋಲೆಂಡಿನ ವಿದ್ಯಾರ್ಥಿನಿಯ ಹರಿದ ಬ್ಯಾಗಿನ ಪಟ್ಟಿಗೆ ದಪ್ಪ ದಾರದಿಂದ ಹೊಲಿಗೆ ಹಾಕುತ್ತಿದ್ದ. ಹೆಸರು ಕೇಳಿಕೊಂಡದ್ದು ಇದೆಲ್ಲ ಆದ ಮೇಲೆ.

ಕಣಿವೆಯ ಬುಡದ ಥೊರೊಂಗ್ ಫೇದಿಯಲ್ಲಿ ಆ ವಿದ್ಯಾರ್ಥಿನಿಗೆ ತಲೆನೋವು ಜಾಸ್ತಿಯಾಗಿ ವಾಂತಿ ಶುರುವಾಯಿತು. ನರ್ಸ್ ಇನ್ನು ಯೋಚನೆ ಬೇಡ, ಕೆಳಗಿಳಿಯಬೇಕು ಎಂದಳು. ಯಾರೂ ಕೇಳುವ ಮೊದಲೇ ಬಡಗಿ ಬೂಟು ಕಟ್ಟಿಕೊಳ್ಳತೊಡಗಿದ. ಎರಡು ದಿನದ ಪರಿಚಯ. ಅವಳ ಚೀಲವನ್ನೂ ತಾನೇ ಹೊತ್ತು, ಹತ್ತಿ ಬಂದ ದಾರಿಯನ್ನು ಇಳಿದು ಹೋದ. ನಾವು ಉಳಿದವರು ಬೆಳಗಿನ ಜಾವ ತಲೆಗೆ ಟಾರ್ಚ್ ಕಟ್ಟಿಕೊಂಡು ಕಣಿವೆ ದಾಟಿ, ಆಚೆ ಮಗ್ಗುಲಿನ ಮುಕ್ತಿನಾಥದಲ್ಲಿ ಅವರಿಬ್ಬರಿಗಾಗಿ ಕಾದೆವು. ಥೊರೊಂಗ್ ಲಾದಲ್ಲಿ ಜೊತೆ ಎಂಬುದು ಎಷ್ಟು ದೊಡ್ಡದು ಎಂದು ಅರಿಯಬೇಕಾದರೆ 2014ರ ಅಕ್ಟೋಬರ್ ನೆನೆಯಬೇಕು. ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತದ ಬಾಲ ಅಲ್ಲಿಗೆ ತಲುಪಿ, ಹಿಮಗಾಳಿ ಮತ್ತು ಹಿಮಕುಸಿತದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು.

ಮುಕ್ತಿನಾಥ ವೈಷ್ಣವರ 108 ದಿವ್ಯದೇಶಗಳಲ್ಲಿ ಒಂದು. ಬೌದ್ಧರಿಗೂ ಪವಿತ್ರ ಕ್ಷೇತ್ರ. ಕೆಳಗೆ ಕಾಳಿಗಂಡಕಿಯಲ್ಲಿ ಸಾಲಿಗ್ರಾಮ ಸಿಗುತ್ತದೆ. ಹಾಗಾಗಿ ಪೋಖರಾ ಕಡೆಯಿಂದ ಜೀಪಿನಲ್ಲಿ ಬರುವ ಕನ್ನಡದ ಯಾತ್ರಿಕರೂ ಅಲ್ಲಿ ಇರುತ್ತಾರೆ. ದೇವಸ್ಥಾನದ ಹಿಂದಿನ 108 ನೀರಿನ ಬಾಯಿಗಳ ಹತ್ತಿರ ನಿಂತಿದ್ದಾಗ ಮೈಸೂರಿನ ಕಡೆಯ ಅಜ್ಜಿಯೊಬ್ಬರು ನನ್ನ ಮಾತು ಕೇಳಿ ಹತ್ತಿರ ಬಂದರು.

“ಏನಮ್ಮಾ, ಇವರೆಲ್ಲ ನಿನ್ನ ಜೊತೆ ಬಂದೋರಾ?”

“ಹೌದು ಅಜ್ಜಿ.”

“ಎಲ್ಲಿ ಪರಿಚಯ?”

“ದಾರೀಲೇ.”

ಅಜ್ಜಿ ಹೆಚ್ಚು ಕೇಳಲಿಲ್ಲ. ಚೀಲದಿಂದ ಕೋಡುಬಳೆ ತೆಗೆದು ಕೊರಿಯಾದ ಮೇಷ್ಟ್ರ ಕೈಗೆ ಮೊದಲು ಕೊಟ್ಟು, ವಯಸ್ಸಾದವರು ಮೊದಲು ತಿನ್ನಲಿ ಎಂದರು. ಬಡಗಿ ಮತ್ತು ವಿದ್ಯಾರ್ಥಿನಿ ಒಂದೆರಡು ದಿನ ಬಿಟ್ಟು ಕಣಿವೆ ಇಳಿದು ಬಂದಾಗ ಅವರ ಪಾಲಿನ ಕೋಡುಬಳೆ ಇನ್ನೂ ನಮ್ಮಲ್ಲಿತ್ತು.

ರೈಲಿನಲ್ಲಾದರೆ ಕಾಯುವುದೂ ಸಾಗುವುದೂ ಒಟ್ಟಿಗೇ ಆಗುತ್ತದೆ. ಮಾಸ್ಕೋದಿಂದ ವ್ಲಾಡಿವೋಸ್ಟೋಕ್‌ವರೆಗಿನ ಟ್ರಾನ್ಸ್-ಸೈಬೀರಿಯನ್ ಮಾರ್ಗ 9,289 ಕಿ.ಮೀ. ಅದರ ಅಗ್ಗದ ದರ್ಜೆ ಪ್ಲಾತ್ಸ್‌ಕಾರ್ತ್ ನಮ್ಮ ಸ್ಲೀಪರ್ ಬೋಗಿಯ ಹಾಗೆ ಬಾಗಿಲಿಲ್ಲದ್ದು, 54 ಮಲಗುವ ಜಾಗ. ಬೋಗಿಯ ತುದಿಯಲ್ಲಿ ಸದಾ ಕುದಿಯುವ ನೀರಿನ ಸಮೋವಾರ್. ಬೋಗಿಯ ಉಸ್ತುವಾರಿ ಹೆಂಗಸಿನಿಂದ ಲೋಹದ ಹಿಡಿಯ ಗಾಜಿನ ಲೋಟ ಇಸಕೊಂಡು ಚಹಾ ಮಾಡಿಕೊಳ್ಳಬಹುದು. ಮೇಲಿನ ಬರ್ತಿನವರು ಹಗಲು ಕೆಳಗಿನವರ ಜಾಗದಲ್ಲೇ ಕೂರಬೇಕಾದ್ದರಿಂದ ಪರಿಚಯವಾಗದೆ ವಿಧಿಯಿಲ್ಲ. ಇರ್ಕುತ್ಸ್ಕ್‌ವರೆಗಿನ 5,000ಕ್ಕೂ ಹೆಚ್ಚು ಕಿ.ಮೀ. ಪಯಣದಲ್ಲಿ ನನಗೆ ಬರುತ್ತಿದ್ದ ರಷ್ಯನ್ ಮಾತು ಬೆರಳೆಣಿಕೆಯಷ್ಟು. ಆದರೂ ಸೌತೆಕಾಯಿ ಹೆಚ್ಚಿ ಉಪ್ಪು ಸವರಿ ಮುಂದಿಡುತ್ತಿದ್ದ ತಾಯಿ-ಮಗಳ ಮನೆಯ ವಿಷಯವೆಲ್ಲ ಫೋಟೋಗಳ ಮೂಲಕವೇ ತಿಳಿಯಿತು. ಬಾಗಿಲು ಹಾಕಿಕೊಳ್ಳುವ ಕೂಪೆ ದರ್ಜೆಯಲ್ಲಿ ಇದು ಆಗುವುದು ಕಡಿಮೆ. ಉತ್ತರ ಸ್ಪೇನಿನ ಸಾಂತಿಯಾಗೊ ಯಾತ್ರೆಯ ನಡಿಗೆಯಲ್ಲಿ ಬೇರೆ ಬಗೆ: ಅಲ್ಲಿಯ ಬಹುತೇಕ ಧರ್ಮಛತ್ರಗಳಲ್ಲಿ ಒಂದೇ ರಾತ್ರಿ ಅವಕಾಶ, ಆದರೆ ಒಂದೇ ವೇಗದಲ್ಲಿ ನಡೆಯುವವರು ಪ್ರತಿ ಸಂಜೆ ಮುಂದಿನ ಊರಿನಲ್ಲಿ ಮತ್ತೆ ಸಿಗುತ್ತಾರೆ. 780 ಕಿ.ಮೀ. ದಾರಿಯಲ್ಲಿ ಒಂದು ಸಂಸಾರವೇ ಕಟ್ಟಿಕೊಳ್ಳುತ್ತದೆ.

ಇಂಥ ಕಡೆ ಜನ ಹೊಟ್ಟೆಯೊಳಗಿನ ಮಾತು ಹೇಳಿಕೊಳ್ಳುತ್ತಾರೆ. ಆಪ್ತರಿಂದ ಮುಚ್ಚಿಟ್ಟದ್ದನ್ನು ಜನ ಹೊರಗಿನವನ ಮುಂದೆ ಬಿಚ್ಚಿಡುವುದನ್ನು ಜರ್ಮನಿಯ ಸಮಾಜಶಾಸ್ತ್ರಜ್ಞ ಗೆಯೊರ್ಗ್ ಜಿಮೆಲ್ 1908ರಲ್ಲೇ ಗುರುತಿಸಿದ್ದರು. ಮುರಿದ ಮದುವೆ, ತಂದೆಯ ಸಾವು, ಬಿಟ್ಟುಬಂದ ಕೆಲಸ, ಎಲ್ಲವನ್ನೂ ಒಲೆಯ ಮುಂದೆ ಕೇಳಿದ್ದೇನೆ. ಅದನ್ನು ಮುಂದಿನ ಹಾಸ್ಟೆಲ್‌ನಲ್ಲಿ ಕಥೆಯಾಗಿ ಹೇಳಬಾರದು. ಈ ಗೆಳೆತನದ ಮೊದಲ ಕಟ್ಟಳೆ ಅದು. ದುಡ್ಡಿನ ಲೆಕ್ಕ ಆಯಾ ರಾತ್ರಿಯೇ ಚುಕ್ತಾ ಆಗಬೇಕೆಂಬುದು ಎರಡನೆಯದು. ಒಂಟಿಯಾಗಿ ಹೊರಟ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ನಾಲ್ಕು ಜನರ ಮುಂದೆ ಪರಿಚಯವಾದವರನ್ನು ನಂಬುವುದು ಸುಲಭ, ಗುಂಪಿನಿಂದ ಬೇರೆಗೆ ಕರೆಯುವವರನ್ನು ದೂರವಿಡಿ.

ನಮ್ಮ ಪಾಸ್‌ಪೋರ್ಟಿನ ನೋವೊಂದಿದೆ. ಯುರೋಪಿನ ಗೆಳೆಯರು ರಾತ್ರಿ ಊಟದಲ್ಲಿ ನಕ್ಷೆ ಬಿಡಿಸಿ, ನಾಳೆ ಗಡಿ ದಾಟೋಣ ಬಾ ಎನ್ನುತ್ತಾರೆ. ನಾವು ಎಷ್ಟೋ ದೇಶಗಳಿಗೆ ವಾರಗಟ್ಟಲೆ ಮೊದಲೇ ವೀಸಾಕ್ಕೆ ಕಾಗದಪತ್ರ ಕೊಟ್ಟಿರಬೇಕು. ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಳಿಸಿ ಹಿಂದಿರುಗುವ ಸಂಕಟ ಭಾರತದ ಬಹಳ ಜನ ಪ್ರವಾಸಿಗರಿಗೆ ಗೊತ್ತು. ಈಗ ಮೊಬೈಲ್ ಬಂದು ಕಾಯುವುದೂ ಕಡಿಮೆಯಾಗಿದೆ. ಸೀಟು, ಹಾಸಿಗೆ, ದಾರಿ ಎಲ್ಲ ಮೊದಲೇ ನಿಗದಿ, ಪಕ್ಕದ ಮಂಚದವರನ್ನು ಕೇಳುವುದು ಏನೂ ಉಳಿದಿಲ್ಲ. ಇದರಿಂದ ಪ್ರಯಾಣ ಸಲೀಸಾಗಿದೆ ನಿಜ, ಆದರೆ ಬಡವೂ ಆಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಸಲ ಹೊರಡುವ ಕನ್ನಡಿಗರಿಗೆ ನಾನು ಹೇಳುವುದು ನೇಪಾಳ. ನಮಗೆ ವೀಸಾ ಬೇಕಿಲ್ಲ, ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿ ಸಾರ್ಕ್ ದೇಶದವರಿಗೆ ಕಡಿಮೆ ದರದಲ್ಲಿ ಸಿಗುತ್ತದೆ. ಮಾರ್ಚ್–ಏಪ್ರಿಲ್ ಇಲ್ಲವೇ ಅಕ್ಟೋಬರ್–ನವೆಂಬರ್ ಒಳ್ಳೆಯ ಕಾಲ. ಈಗ ಮನಾಂಗ್‌ವರೆಗೆ ಜೀಪು ಹೋಗುತ್ತದೆ. ಅದನ್ನು ಹತ್ತಬೇಡಿ, ಎತ್ತರಕ್ಕೆ ಮೈ ಒಗ್ಗಲು ನಡೆದೇ ಹೋಗಿ. ಚಟ್ನಿಪುಡಿ ಸ್ವಲ್ಪ ಹೆಚ್ಚೇ ಕಟ್ಟಿಕೊಳ್ಳಿ. ಮನಾಂಗ್‌ನಲ್ಲಿ ಎರಡು ರಾತ್ರಿ ಇರಲೇಬೇಕು, ಸಾಧ್ಯವಾದರೆ ಮೂರು.