ಬಾವಿಗೋಡೆಯ ಗಿಡ ಬಾಲ್ಕನಿಗೆ ಬಂದಾಗ

ಶಿವರಾತ್ರಿ ಕಳೆದು ಚಳಿ ಕಾಲು ಕಿತ್ತಿದೆ. ಬೆಂಗಳೂರಿನ ಗಾಳಿಯಲ್ಲಿ ಪಸೆ ಇಲ್ಲ. ಆಗಸ್ಟಿನಲ್ಲಿ ನರ್ಸರಿಯಿಂದ ತಂದು ಬಾಲ್ಕನಿಯಲ್ಲಿ ತೂಗುಹಾಕಿದ ಬಾಸ್ಟನ್ ಫರ್ನ್ ಇಷ್ಟು ದಿನ ಬುಟ್ಟಿ ತುಂಬ ಹಸಿರು ಚೆಲ್ಲುತ್ತಿತ್ತು. ಈಗ ಗರಿಗಳ ತುದಿ ಕಂದುಗಟ್ಟಿದೆ, ಮುಟ್ಟಿದರೆ ಕಿರಿಯೆಲೆಗಳು ಪಟಪಟನೆ ಉದುರುತ್ತವೆ. ಮನೆಯವರು ಗಾಬರಿಬಿದ್ದು ದಿನಕ್ಕೆರಡು ಚೊಂಬು ನೀರು ಹೆಚ್ಚಿಗೆ ಸುರಿಯುತ್ತಾರೆ. ಬೇರು ಕೊಳೆಯುತ್ತದೆ. ಯುಗಾದಿ ಹೊತ್ತಿಗೆ ಬುಟ್ಟಿ ಖಾಲಿ.

ಈ ಕಾಲದಲ್ಲಿ ಜರೀಗಿಡಗಳು ಸಾಯುವುದು ಹೆಚ್ಚಾಗಿ ಗಾಳಿ ಒಣಗಿರುವುದರಿಂದ. ಮಣ್ಣು ಎಷ್ಟೇ ಒದ್ದೆಯಿದ್ದರೂ ಸುತ್ತಲಿನ ಗಾಳಿ ಎಲೆಯ ನೀರನ್ನು ಹೀರುತ್ತಲೇ ಇರುತ್ತದೆ. ಹಾಗಾಗಿ ಫರ್ನ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಗಿಡ ತನ್ನ ಊರಿನಲ್ಲಿ ಎಲ್ಲಿ ಬೆಳೆಯುತ್ತಿತ್ತು? ಮರದ ಮೇಲೋ, ಬಾವಿಯ ಕಲ್ಲುಸಂದಿನಲ್ಲೋ, ಮಳೆಗಾಲದ ಧರೆಯಲ್ಲೋ? ಉತ್ತರ ಸಿಕ್ಕರೆ ಕುಂಡವೋ ತೂಗುಬುಟ್ಟಿಯೋ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಮನೆಯ ಅತ್ಯಂತ ಕಷ್ಟದ ಜಾಗ ತೂಗುಬುಟ್ಟಿ. ಬಿಸಿಗಾಳಿ ಮೇಲೇರಿ ಸೂರಿನ ಕೆಳಗೆ ನಿಲ್ಲುತ್ತದೆ, ನಾಲ್ಕೂ ಕಡೆಯಿಂದ ಗಾಳಿ ಬಡಿಯುತ್ತದೆ, ತೆಂಗಿನನಾರಿನ ಒಳಪದರ ಮೊದಲು ಅಂಚಿನಿಂದ ಒಣಗುತ್ತದೆ. ಅಲ್ಲಿ ಬಾಳಬಲ್ಲದ್ದು ಬಾಸ್ಟನ್ ಫರ್ನ್ ಮತ್ತು ಅದರ ದಾಯಾದಿಗಳು. 1894ರಲ್ಲಿ ಫಿಲಡೆಲ್ಫಿಯಾದಿಂದ ಬಾಸ್ಟನ್ನಿಗೆ ಹೋದ ಗಿಡಗಳ ರಾಶಿಯಲ್ಲಿ ಗರಿ ಬಾಗಿದ ಒಂದು ಗಿಡ ಕಣ್ಣಿಗೆ ಬಿತ್ತು. ಈ ತಳಿ ಬಂದದ್ದು ಅದರಿಂದ. ಇದರ ಮೂಲ ಜಾತಿ ಫ್ಲಾರಿಡಾದಲ್ಲಿ ತಾಳೆಮರಗಳ ಬೊಡ್ಡೆಗೆ ಅಂಟಿಕೊಂಡೂ ಬೆಳೆಯುತ್ತದೆ. ಗಾಳಿಯಲ್ಲಿ ನೇತಾಡುವುದು ಅದಕ್ಕೆ ಹೊಸದಲ್ಲ. ಆದರೂ ಈಗಿನಿಂದ ಮುಂಗಾರಿನವರೆಗೆ ಮೇಲಿನಿಂದ ನೀರು ಹಾಕುವುದನ್ನು ನಿಲ್ಲಿಸಿ. ಬುಟ್ಟಿಯನ್ನು ಎತ್ತಿ ನೋಡಿ. ಹಗುರಾಗಿದ್ದರೆ ಇಳಿಸಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು, ಸೋರಲು ಬಿಟ್ಟು, ಮತ್ತೆ ತೂಗುಹಾಕಿ. ಭಾರವಾಗಿದ್ದರೆ ಮುಟ್ಟಬೇಡಿ. ಪಶ್ಚಿಮದ ಬಿಸಿಲು ಬೀಳುವ ಕಡೆ ಒದ್ದೆ ಗೋಣಿತಾಟು ಇಳಿಬಿಟ್ಟರೆ ಇನ್ನೂ ಒಳ್ಳೆಯದು. ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿದ್ದು ಹತ್ತು ನಿಮಿಷಕ್ಕೆ ಆರಿಹೋಗುತ್ತದೆ, ಗೋಣಿತಾಟು ಮಧ್ಯಾಹ್ನವಿಡೀ ಕೆಲಸ ಮಾಡುತ್ತದೆ.

ಯಾವ ನೀರು ಎಂಬುದೂ ಮುಖ್ಯ. ಕೊಳವೆಬಾವಿಯ ಗಡಸು ನೀರು ಮಣ್ಣಿನ ಕುಂಡದ ಮೈಮೇಲೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಲವಣ ಕುಂಡದೊಳಗೂ ಸೇರುತ್ತಿರುತ್ತದೆ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ದಂಡವಾಗಬಾರದೆಂದು ಗಿಡಗಳಿಗೆ ಹಾಕುವ ಮನೆಗಳಿವೆ. ಫರ್ನ್‌ಗೆ ಮಾತ್ರ ದಯವಿಟ್ಟು ಬೇಡ, ಆ ನೀರಿನಲ್ಲಿ ಲವಣ ಇನ್ನಷ್ಟು ಸಾಂದ್ರವಾಗಿರುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದು ಫರ್ನ್‌ಗೇ ಮೀಸಲಿರಲಿ. ಕೊಕೊಪೀಟನ್ನೂ ಎರಡು ಮೂರು ಸಲ ತೊಳೆದೇ ಬಳಸಿ. ಕುಂಡದ ಮಿಶ್ರಣಕ್ಕೆ ಎರಡು ಪಾಲು ಎಲೆಗೊಬ್ಬರಕ್ಕೆ ಒಂದು ಪಾಲು ಕೊಕೊಪೀಟ್, ಒಂದು ಪಾಲು ಇದ್ದಿಲು ಮತ್ತು ಇಟ್ಟಿಗೆ ಚೂರು. ಗೊಬ್ಬರಕ್ಕೆ ಮಳೆಗಾಲದಲ್ಲಿ ತಿಳಿಯಾದ ಸಗಣಿನೀರು ಸಾಕು.

ಇನ್ನು ಮೇಡನ್‌ಹೇರ್. ಕೂದಲೆಳೆಯಷ್ಟು ತೆಳುವಾದ ಕಪ್ಪು ಕಡ್ಡಿಗಳ ಮೇಲೆ ಬೀಸಣಿಗೆಯಾಕಾರದ ಎಳೆಹಸಿರು ಎಲೆಗಳು. ನೀರು ಬಿದ್ದರೆ ಅಂಟದೆ ಹನಿಹನಿಯಾಗಿ ಉರುಳಿಹೋಗುತ್ತದೆ. ನನ್ನ ಕಣ್ಣಿಗೆ ಜರೀಗಿಡಗಳಲ್ಲೆಲ್ಲ ಇದೇ ಚೆಲುವೆ. ಇದನ್ನು ತೂಗುಬುಟ್ಟಿಯಲ್ಲಿ ಹಾಕಿ ಮಾರುವುದನ್ನು ಕಂಡಾಗ ಸಂಕಟವಾಗುತ್ತದೆ. ಹಳೇ ಬಾವಿಗಳ ಕಲ್ಲುಸಂದಿನಲ್ಲಿ, ತಳದ ತಂಪು ಏರಿಬರುವಲ್ಲಿ ಬೆಳೆಯುವ ಗಿಡವಿದು. ಬಚ್ಚಲ ಕಿಟಕಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ದೊಡ್ಡ ಗಿಡಗಳ ಬುಡದಲ್ಲಿ ಇಡಿ. ಅಂಥ ಜಾಗ ಇಲ್ಲದ ಅಪಾರ್ಟ್‌ಮೆಂಟಿನವರಿಗೆ ಗಾಜಿನ ಭರಣಿಯಿದೆ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಬಾಟಲಿಯಲ್ಲಿ ಪತಂಗದ ಕೋಶವನ್ನಿಟ್ಟು ಕಾಯುತ್ತಿದ್ದಾಗ ಅದರ ಮಣ್ಣಿನಲ್ಲಿ ಫರ್ನ್ ಮೊಳೆಯಿತು. ಅವರ ಊರಿನ ಹೊಗೆಗಾಳಿಯಲ್ಲಿ ಬದುಕದ ಗಿಡ ಗಾಜಿನೊಳಗೆ ನಳನಳಿಸಿತು. ಮುಂದೆ ಚೀನಾದ ಚಹಾಗಿಡಗಳು ಹಡಗೇರಿ ಭಾರತಕ್ಕೆ ಬಂದದ್ದೂ ಇಂಥ ಗಾಜಿನ ಪೆಟ್ಟಿಗೆಗಳಲ್ಲೇ.

ನಮ್ಮ ಘಟ್ಟದ ಧರೆಗಳಲ್ಲಿ ಮಳೆಗಾಲದಲ್ಲಿ ಹಬ್ಬುವ ಒಂದು ಮೇಡನ್‌ಹೇರ್ ಜಾತಿಯಿದೆ. ಗರಿಯ ತುದಿ ನೆಲಕ್ಕೆ ತಾಗಿದಲ್ಲಿ ಬೇರು ಬಿಟ್ಟು ಹೊಸ ಗಿಡವಾಗಿ ಮುಂದೆ ಮುಂದೆ ಸಾಗುತ್ತದೆ. ಮಳೆ ಹಿಂದಾದರೆ ಪೂರ್ತಿ ಒಣಗಿ ಮಲಗುತ್ತದೆ. ಸತ್ತಿತೆಂದು ಕುಂಡ ಬೋರಲು ಹಾಕಬೇಡಿ. ನೆರಳಿನಲ್ಲಿಟ್ಟು ಆಗೀಗ ಒಂದಿಷ್ಟು ತೇವ ಕೊಡಿ, ಜೂನಿನಲ್ಲಿ ಚಿಗುರುತ್ತದೆ.

ಎಷ್ಟು ಹೇಳಿದರೂ ಸಾಲದ ಇನ್ನೊಂದು ಮಾತಿದೆ. ಮಲೆನಾಡಿನ, ಕರಾವಳಿಯ ಮರಗಳ ಮೇಲೆ ಬೆಳೆಯುವ ಡ್ರೈನೇರಿಯಾ ಫರ್ನ್‌ನ ಬುಡದಲ್ಲಿ ಕಂದು ಬಣ್ಣದ, ಕಾಗದದಷ್ಟು ಒಣಗಿದ ಎಲೆಗಳಿರುತ್ತವೆ. ಸ್ಟ್ಯಾಗ್‌ಹಾರ್ನ್ ಫರ್ನ್‌ನ ಬುಡವನ್ನು ಅಪ್ಪಿಕೊಂಡ ಕಂದು ಫಲಕಗಳೂ ಹಾಗೆಯೇ. ಕಸವೆಂದು ಕೀಳುತ್ತಾರೆ! ಮೇಲಿಂದ ಉದುರುವ ತರಗೆಲೆಯನ್ನು ಹಿಡಿದು, ಕೊಳೆಸಿ, ಮರದ ಮೇಲೆಯೇ ಗೊಬ್ಬರ ಮಾಡಿಕೊಳ್ಳುವ ಎಲೆಗಳವು. ಗಿಡ ತನ್ನ ಕುಂಡವನ್ನು ತಾನೇ ಕಟ್ಟಿಕೊಂಡಿದೆ, ಅದನ್ನು ಒಡೆಯಬಾರದು.

ಗರಿಯ ಹಿಂಬದಿಯಲ್ಲಿ ಸಾಲಾಗಿ ಕಾಣುವ ಕಂದು ಚುಕ್ಕೆಗಳಿಗೆ ಕೀಟವೆಂದು ಔಷಧಿ ಹೊಡೆಯುವವರೂ ಇದ್ದಾರೆ. ಚುಕ್ಕೆಗಳು ಅಳತೆಯಿಟ್ಟಂತೆ ಸಮನಾಗಿದ್ದರೆ ಅವು ಬೀಜಕಗಳ ಗುಂಪು. ಅಡ್ಡಾದಿಡ್ಡಿಯಾಗಿ, ಕಡ್ಡಿಯ ಮೇಲೂ ಅಂಟಿಕೊಂಡು, ಉಗುರಿಗೆ ಎದ್ದುಬಂದರೆ ಶಲ್ಕಕೀಟ. ಅದನ್ನು ಒದ್ದೆಬಟ್ಟೆಯಿಂದ ಒರೆಸಿದರಾಯಿತು.

ಬೀಜಕದಿಂದ ಗಿಡ ಎಬ್ಬಿಸುವ ಸುಖವನ್ನು ಪ್ರತಿಯೊಬ್ಬ ಫರ್ನ್ ಪ್ರಿಯರೂ ಒಮ್ಮೆ ಉಣ್ಣಬೇಕು. ಘಾಟಿಯ ರಸ್ತೆಬದಿಯ ಗಿಡಗಳನ್ನು ಬೇರುಸಹಿತ ಕಿತ್ತು ಕಾರಿನ ಡಿಕ್ಕಿಗೆ ತುಂಬುವವರಿಗೆ ನನ್ನ ಮೊರೆಯೂ ಇದೇ. ಸ್ನೇಹಿತರ ಮನೆಯ ಗಿಡದಿಂದ ಬಲಿತ ಒಂದು ಗರಿ ಸಾಕು. ಕಾಗದದಲ್ಲಿ ಮಡಚಿಡಿ, ಎರಡು ದಿನಕ್ಕೆ ಕಂದುಪುಡಿ ಉದುರುತ್ತದೆ. ಕುದಿನೀರು ಹೊಯ್ದು ಆರಿಸಿದ ಇಟ್ಟಿಗೆಯನ್ನು ತಟ್ಟೆಯ ನೀರಿನಲ್ಲಿಟ್ಟು, ಆ ಪುಡಿಯನ್ನು ತೆಳ್ಳಗೆ ಉದುರಿಸಿ, ಗಾಜು ಮುಚ್ಚಿ. ಕೆಲವು ವಾರಕ್ಕೆ ಹಸಿರು ಪಾಚಿಯಂಥ ಪದರ ಕಾಣುತ್ತದೆ. ಭೂತಗಾಜು ಹಿಡಿದು ನೋಡಿದರೆ ಒಂದೊಂದೂ ಮಸೂರ ಬೇಳೆಯಗಲಕ್ಕೆ ಕುಗ್ಗಿದ ವೀಳ್ಯದೆಲೆ. ಇದು ಇನ್ನೂ ಫರ್ನ್ ಅಲ್ಲ. ಇದರ ಕೆಳಮೈಯಲ್ಲಿ ಗಂಡು ಕಣ ನೀರಿನ ಪೊರೆಯಲ್ಲಿ ಈಜಿ ಹೆಣ್ಣು ಕಣವನ್ನು ಸೇರಿದ ಮೇಲಷ್ಟೇ ಮೊದಲ ಗರಿ ಸುರುಳಿ ಬಿಚ್ಚುತ್ತದೆ. ಗಿಡದ ಈ ಎರಡು ಬಾಳನ್ನೂ 1851ರಲ್ಲಿ ಜೋಡಿಸಿ ತೋರಿಸಿದವರು ಲೈಪ್‌ಜಿಗ್‌ನ ವಿಲ್ಹೆಲ್ಮ್ ಹಾಫ್‌ಮೈಸ್ಟರ್, ಸಸ್ಯಶಾಸ್ತ್ರವನ್ನು ಸ್ವಂತವಾಗಿ ಕಲಿತವರು. ಆ ಪೊರೆಯಷ್ಟು ನೀರಿಲ್ಲದಿದ್ದರೆ ಫರ್ನ್ ಸಂತಾನವೇ ಇಲ್ಲ. ಆದ್ದರಿಂದ ವೀಳ್ಯದೆಲೆಗಳು ಮೂಡಿದ ಮೇಲೆ ವಾರಕ್ಕೊಮ್ಮೆ ಗಾಜು ಸರಿಸಿ, ಕುದಿಸಿ ಆರಿಸಿದ ನೀರನ್ನು ಮಂಜಿನಷ್ಟು ಸಣ್ಣಗೆ ಸಿಂಪಡಿಸಿ. ಗರಿಗಳು ಬೆರಳುದ್ದವಾದಾಗ ಸಣ್ಣ ಕುಂಡಗಳಿಗೆ ಎತ್ತಿ ನೆಟ್ಟು, ಗಾಜನ್ನು ಒಮ್ಮೆಲೇ ತೆಗೆಯದೆ ದಿನಕ್ಕೊಂದಿಷ್ಟು ಸರಿಸುತ್ತಾ ಹೊರಗಾಳಿಗೆ ರೂಢಿ ಮಾಡಿಸಿ. ಬಿತ್ತಲು ಒಳ್ಳೆಯ ಕಾಲ ಮುಂಗಾರು ಹಿಡಿದ ಮೇಲೆ. ಅಷ್ಟರೊಳಗೆ ಇಟ್ಟಿಗೆ, ಗಾಜು ಜೋಡಿಸಿಟ್ಟುಕೊಳ್ಳಿ.