‘ಬರಹಗಳಿಗೆ ಆಹ್ವಾನ’ – ಯಾರಿಗೆ?

ಗಣೇಶನನ್ನು ನೀರಿಗೆ ಬಿಟ್ಟು ಬಂದ ವಾರದಿಂದಲೇ ಮುಂಬಯಿಯ ಕನ್ನಡ ಪತ್ರಿಕೆಗಳಲ್ಲಿ, ಸಂಘಗಳ ಸೂಚನಾ ಫಲಕಗಳಲ್ಲಿ, ಚೌಕಟ್ಟು ಹಾಕಿದ ಪ್ರಕಟಣೆಗಳು ಕಾಣಿಸಿಕೊಳ್ಳತೊಡಗುತ್ತವೆ. ದೀಪಾವಳಿ ವಿಶೇಷಾಂಕಕ್ಕೆ, ರಾಜ್ಯೋತ್ಸವ ಸಂಚಿಕೆಗೆ ಕಥೆ, ಕವನ, ಪ್ರಬಂಧಗಳನ್ನು ಆಹ್ವಾನಿಸಲಾಗಿದೆ. ವಿಷಯ: ‘ನನ್ನ ಹುಟ್ಟೂರು’. ಇಲ್ಲವೆ ‘ಕನ್ನಡಮ್ಮ’. ಸಂಪಾದಕರಿಗೆ ಸ್ವಲ್ಪ ಉತ್ಸಾಹವಿದ್ದ ವರ್ಷ ‘ಮಳೆ’. ಈಚೆಗೆ ಇದೇ ಪ್ರಕಟಣೆಯ ಚಿತ್ರ ವಾಟ್ಸಾಪಿನಲ್ಲಿಯೂ ಮನೆಯಿಂದ ಮನೆಗೆ ಸುತ್ತುತ್ತದೆ. ಬಂದ ಬರಹಗಳನ್ನು ವಿಮರ್ಶಿಸುವ ವಾಡಿಕೆ ನಮ್ಮಲ್ಲಿದೆ. ಆಹ್ವಾನವನ್ನೇ ವಿಮರ್ಶಿಸುವ ವಾಡಿಕೆ ಇಲ್ಲ. ಬರಹ ಸಪ್ಪೆಯಾದಾಗ ದೋಷದ ದೊಡ್ಡ ಪಾಲು ಆಹ್ವಾನದಲ್ಲಿಯೇ ಇರುತ್ತದೆಂದು ನಾವು ತಿಳಿಯುತ್ತೇವೆ.

ವಿಷಯ ಕೊಟ್ಟು ಬರೆಸುವುದು ಹೊಸದೇನೂ ಅಲ್ಲ. ಅವಧಾನದಲ್ಲಿ ಸಮಸ್ಯಾಪೂರಣವೆಂಬುದಿದೆ. ಪೃಚ್ಛಕನು ಪದ್ಯದ ಒಂದು ಸಾಲನ್ನು ಮುಂದಿಡುತ್ತಾನೆ. ಮೇಲ್ನೋಟಕ್ಕೆ ಅದು ಅಸಂಬದ್ಧವಾಗಿ, ಕೆಲವು ಸಲ ಅನುಚಿತವಾಗಿಯೂ ತೋರುತ್ತದೆ. ಛಂದಸ್ಸು ಕೆಡದಂತೆ ಉಳಿದ ಸಾಲುಗಳನ್ನು ಕಟ್ಟಿ ಅವಧಾನಿಯು ಅದಕ್ಕೆ ಅರ್ಥ ಬರಿಸಬೇಕು. ಅಲ್ಲಿ ವಿಷಯವೆಂದರೆ ಒಂದು ಗಂಟು. ಗಂಟಿರುವುದರಿಂದಲೇ ಬುದ್ಧಿ ಚುರುಕಾಗುತ್ತದೆ. ‘ಕನ್ನಡಮ್ಮ’ನಲ್ಲಿ ಯಾವ ಗಂಟಿದೆ? ಇಪ್ಪತ್ತು ಮಂದಿ ಬರೆದರೆ ಇಪ್ಪತ್ತರಲ್ಲಿಯೂ ಕಾವೇರಿ ಹರಿಯುತ್ತಾಳೆ, ಶ್ರೀಗಂಧ ಸುವಾಸನೆ ಬೀರುತ್ತದೆ. ಬರೆದವರ ಮನೆಯಲ್ಲಿ ಆಡುವ ಮಾತು ತುಳುವೋ ಕೊಂಕಣಿಯೋ ಆಗಿರುವುದುಂಟು. ಮಾರುಕಟ್ಟೆಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು, ಭಾನುವಾರ ಸಂಘದಲ್ಲಿ ಕನ್ನಡ – ನಿಜವಾದ ಸಮಸ್ಯೆ ಇಲ್ಲಿದೆ, ಪೂರಣಕ್ಕೆ ಕಾದು ಕುಳಿತಿದೆ. ಅದನ್ನು ಯಾರೂ ಕೇಳುವುದಿಲ್ಲ.

ನೆರೆಮನೆಯ ಮರಾಠಿಗರತ್ತ ಒಮ್ಮೆ ನೋಡೋಣ. 1909ರಲ್ಲಿ ಕಾಶಿನಾಥ ರಘುನಾಥ ಮಿತ್ರರು ತಮ್ಮ ‘ಮನೋರಂಜನ’ ಮಾಸಿಕಕ್ಕೆ ದೀಪಾವಳಿ ಅಂಕ ಹೊರತಂದಂದಿನಿಂದ ಬೆಳೆದ ಪದ್ಧತಿ ಶತಮಾನ ದಾಟಿದೆ. ವಾಚನಾಲಯಕ್ಕೆ ಹಣ ಕಟ್ಟಿ ಒಂದಾದ ಮೇಲೊಂದು ಅಂಕವನ್ನು ಮನೆಗೊಯ್ದು ಓದುವ ಸಂಸಾರಗಳಿವೆ. ಇಡೀ ಸಂಚಿಕೆಯನ್ನು ಒಂದೇ ವಿಷಯಕ್ಕೆ ಮೀಸಲಿಡುವ ಅಂಕಗಳೂ ಬರುತ್ತವೆ. ಎಲ್ಲವೂ ಉತ್ತಮವೆಂದಲ್ಲ, ಜಾಹೀರಾತುಗಳ ನಡುವೆ ಕಥೆಯನ್ನು ಹುಡುಕಬೇಕಾದವೂ ಉಂಟು. ಆದರೆ ದುಡ್ಡು ತೆತ್ತ ಓದುಗನ ಭಯದಿಂದಾದರೂ ಸಂಪಾದಕ ಆಲೋಚಿಸಬೇಕಾಗುತ್ತದೆ. ನಮ್ಮ ಸಂಘಗಳ ಪತ್ರಿಕೆ ಸದಸ್ಯತ್ವದ ಜೊತೆ ತಾನಾಗಿ ಮನೆಗೆ ಬರುವಂಥದು. ವಿಷಯ ಹಳಸಿದರೆ ಕೇಳುವವರಾರು?

‘ನನ್ನ ಹುಟ್ಟೂರು’ ಎಂಬುದರ ಮೇಲೆ ನಮ್ಮ ತಕರಾರು ಇನ್ನೂ ಹೆಚ್ಚಿನದು. ಕಾರ್ಕಳವನ್ನೋ ಅಂಕೋಲೆಯನ್ನೋ ಧಾರವಾಡವನ್ನೋ ಬಿಟ್ಟು ಬಂದವರಿಗೆ ಅದು ಹಿತವಾದ ವಿಷಯ. ಡೊಂಬಿವಲಿಯಲ್ಲಿ ಹುಟ್ಟಿ, ಬೆಳಗಿನ ಲೋಕಲಿನಲ್ಲಿ ನಿಂತುಕೊಂಡೇ ಕಾಲೇಜಿಗೆ ಹೋಗುವ ಮಗಳು ಏನು ಬರೆಯಬೇಕು? ಅವಳ ಹುಟ್ಟೂರು ಡೊಂಬಿವಲಿ. ಅದನ್ನು ಬರೆದರೆ ತೀರ್ಪುಗಾರರು ವಿಷಯಾಂತರವೆಂದಾರೆಂಬ ಅಂಜಿಕೆಯಿಂದ ಅವಳು ಬರೆಯುವುದೇ ಇಲ್ಲ. ಬರೆದರೂ, ಬೇಸಗೆ ರಜೆಯಲ್ಲಿ ಹತ್ತು ದಿನ ಕಂಡ ಅಜ್ಜನ ತೋಟವನ್ನು ಅಪ್ಪನ ಬಾಯಿಂದ ಕೇಳಿಕೊಂಡು ಬರೆಯುತ್ತಾಳೆ. ಬಹುಮಾನ ಬಂದರೆ ಅದು ಅಪ್ಪನಿಗೆ ಸಲ್ಲತಕ್ಕದ್ದು! ಕನ್ನಡದಲ್ಲಿ ಬರೆಯಲು ಅವಳಿಗೆ ಸ್ವಂತದ್ದೇನೋ ಇದೆಯೆಂಬುದು ಅವಳಿಗೂ ತಿಳಿಯದೆ, ನಮಗೂ ತಿಳಿಯದೆ ಹೋಗುತ್ತದೆ. ಮುಂದೆ ಈ ಪತ್ರಿಕೆಗಳಿಗೆ ಬರೆಯಬೇಕಾದವರು ಇಂಥ ಮಕ್ಕಳೇ ಎಂಬುದನ್ನು ಮರೆತರೆ ಹೇಗೆ?

ಊರನ್ನು ಬರೆಯಬಾರದೆಂದು ನಾವು ಹೇಳುತ್ತಿಲ್ಲ. ಯಶವಂತ ಚಿತ್ತಾಲರು ಈ ನಗರದಲ್ಲಿ ಬಾಳುತ್ತಲೇ ಹನೇಹಳ್ಳಿಯನ್ನು ಕನ್ನಡ ಕಥೆಗಳಲ್ಲಿ ನೆಲೆಗೊಳಿಸಿದರು. ಅದೇ ಚಿತ್ತಾಲರು 1979ರ ‘ಶಿಕಾರಿ’ಯಲ್ಲಿ ಮುಂಬಯಿಯ ಕಂಪನಿಯೊಳಗಿನ ಸಂಚನ್ನು, ಅದಕ್ಕೆ ಸಿಕ್ಕ ನಾಗಪ್ಪನ ಭಯವನ್ನು ಹಿಡಿದರು. ಜಯಂತ ಕಾಯ್ಕಿಣಿಯವರು ಇಲ್ಲಿನ ಸಾಮಾನ್ಯರ ಬದುಕಿನಿಂದ ಹೆಕ್ಕಿದ ಕಥೆಗಳು ತೇಜಸ್ವಿನಿ ನಿರಂಜನರ ಇಂಗ್ಲಿಷ್ ಅನುವಾದದಲ್ಲಿ 2018ನೆಯ ಸಾಲಿನ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಬಹುಮಾನ ಪಡೆದವು. ಮುಂಬಯಿ ಕನ್ನಡಕ್ಕೆ ಹೊರಗಿನದೆಂದು ಇನ್ನು ಯಾರೂ ಹೇಳುವಂತಿಲ್ಲ. ಅಂಥವರಿಗೆ ಪ್ರಕಟಣೆಯ ಹಂಗೇಕೆ ಎಂದು ವಾಚಕರು ಕೇಳಬಹುದು. ಸರಿಯೇ. ಚೌಕಟ್ಟಿನ ಪ್ರಕಟಣೆ ಇರುವುದು ಹಿಂದೆಂದೂ ಬರೆಯದವರಿಗಾಗಿ. ಹಗಲು ಹೋಟೆಲಿನಲ್ಲಿ ದುಡಿದು, ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಹಿರಿಯರು ಈ ನಗರದಲ್ಲಿದ್ದಾರೆ. ‘ಮಳೆ’ ಎಂದರೆ ಅವರು ಸುಮ್ಮನಿರುತ್ತಾರೆ. ‘ರಾತ್ರಿಶಾಲೆಯ ಮೊದಲ ದಿನ’ ಎಂದರೆ ಮಧ್ಯಾಹ್ನದ ನಿದ್ದೆ ಬಿಟ್ಟು ಕಾಗದ ಹುಡುಕುತ್ತಾರೆ.

ಇನ್ನು ನಿಯಮಗಳ ಮಾತು. ಹನ್ನೆರಡನೆಯ ತಾರೀಕಿಗೆ ಉಪನಗರ ತಲಪುವ ಸಂಚಿಕೆಯಲ್ಲಿ ಇಪ್ಪತ್ತರೊಳಗೆ ಬರಹ ಕಳಿಸಿರೆಂದು ಕೇಳುವುದು ಆಹ್ವಾನವಲ್ಲ, ಸುತ್ತೋಲೆ. ಸುತ್ತೋಲೆಗಳ ನಡುವೆಯೇ ಹೊಟ್ಟೆ ಹೊರೆಯುವ ನಮಗೆ ಅದರ ವಾಸನೆ ದೂರದಿಂದಲೇ ತಿಳಿಯುತ್ತದೆ. ಬರೆಯುವವನಿಗೆ ಎರಡು ತಿಂಗಳಾದರೂ ಬೇಡವೆ? ಲಿಪಿಯ ತೊಡಕೂ ಇದೆ. ಕನ್ನಡ ಸರಾಗವಾಗಿ ಆಡಬಲ್ಲ, ಆದರೆ ದೇವನಾಗರಿಯನ್ನಷ್ಟೇ ಬರೆಯಬಲ್ಲ ಮಕ್ಕಳು ಮನೆಮನೆಯಲ್ಲಿದ್ದಾರೆ. ಬೆರಳಚ್ಚು ಮಾಡಿದ ಕನ್ನಡ ಪ್ರತಿಯೇ ಆಗಬೇಕೆಂಬ ನಿಯಮ ಅವರನ್ನು ಬಾಗಿಲಲ್ಲೇ ತಡೆಯುತ್ತದೆ.

ಮುಂದಿನ ದೀಪಾವಳಿಗೆ ಯಾವುದಾದರೊಂದು ಸಂಘ ‘ಕನ್ನಡದಲ್ಲಿ ಹೇಳಲಾಗದೆ ಉಳಿದದ್ದು’ ಎಂಬ ವಿಷಯ ಕೊಟ್ಟು ನೋಡಲಿ. ದೇವನಾಗರಿಯಲ್ಲಿ ಬರೆದ ಕನ್ನಡವನ್ನೂ, ಅಜ್ಜಿ ಹೇಳಿ ಮೊಮ್ಮಗ ಬರೆದುಕೊಂಡದ್ದನ್ನೂ ಸ್ವೀಕರಿಸಲಿ. ಕನ್ನಡ ಲಿಪಿಗೆ ಇಳಿಸಿಕೊಡಲು ನಿವೃತ್ತ ಶಿಕ್ಷಕರಿದ್ದಾರೆ. ಭಾನುವಾರ ಬಿಡುವಿರುವ ನಮ್ಮಂಥ ಗುಮಾಸ್ತರೂ ಇದ್ದೇವೆ.