ಗಣಕಯಂತ್ರವೂ ಲೀಲೆಯೂ

ಉಪಕರಣವು ಕೆಲಸಕ್ಕೆ ಒದಗಿದರೆ ಸಾಕು, ಅದರಲ್ಲಿ ವಿನೋದವನ್ನು ಹುಡುಕುವುದು ಬಾಲಿಶವೆಂದು ಹೇಳತಕ್ಕವರುಂಟು. ಆದರೆ ವೀಣೆಯೂ ಉಪಕರಣವೇ. ಮಗುವಿನ ಕೈಯ ಹಲಗೆ ಬಳಪಗಳೂ ಉಪಕರಣಗಳೇ. ಇವುಗಳ ಪ್ರಯೋಜನವು ಬಳಸುವವನ ಲೀಲೆಯಿಂದಲೇ ಹೊರಪಡತಕ್ಕದ್ದು. ಮೇಜಿನ ಮೇಲಿನ ಗಣಕಯಂತ್ರದಲ್ಲಿಯೂ ಹಿಂದೆ ಅಂಥ ಲೀಲೆಯಿತ್ತು, ಈಗ ಅದು ನೀರಸವಾಗಿದೆ ಎಂಬ ಕೊರಗು ಬಲ್ಲವರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಈ ಕೊರಗು ನಿಜವೆ? ನಿಜವಾದರೆ, ಕಳೆದುಹೋದ ವಸ್ತು ಯಾವುದು?

ಕೊರಗುವವರು ಮೊದಲು ತೋರಿಸುವುದು ರೂಪವನ್ನು. 1984ರ ಜನವರಿಯಲ್ಲಿ ಆಪಲ್ ಸಂಸ್ಥೆಯ ಮೆಕಿಂಟಾಷ್ ಹೊರಬಂದಾಗ ಅದರ ಪರದೆಯಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕೆಗಳು ಮಾತ್ರ ಇದ್ದುವು. ಬಣ್ಣವೆಂದರೆ ಕಪ್ಪು ಬಿಳುಪು. ಸೂಸನ್ ಕೇರ್ ಎಂಬ ಕಲಾವಿದೆ ಚೌಕುಳಿ ಕಾಗದದ ಮೇಲೆ ಒಂದೊಂದೇ ಮನೆಯನ್ನು ತುಂಬಿ, ಚುಕ್ಕಿಯ ರಂಗೋಲಿಯಿಡುವ ಗೃಹಿಣಿಯ ಹದದಿಂದ, ಅದಕ್ಕೆ ಚಿತ್ರಗಳನ್ನು ರಚಿಸಿದರು. ಯಂತ್ರವು ಸರಿಯಾಗಿ ಎಚ್ಚತ್ತರೆ ನಗುಮುಖ. ಕೆಟ್ಟು ನಿಂತರೆ ಬತ್ತಿ ಹೊತ್ತಿದ ಬಾಂಬು. ಎಕ್ಸೆಲ್ 97 ಎಂಬ ಲೆಕ್ಕದ ತಂತ್ರಾಂಶವನ್ನು ಬರೆದವರು ಅದರೊಳಗೆ ಹಾರಾಟದ ಆಟವೊಂದನ್ನೇ ಅಡಗಿಸಿಟ್ಟಿದ್ದರು. 2012ರ ವಿಂಡೋಸ್ 8ರ ವೇಳೆಗೆ ಈ ಕುಚೇಷ್ಟೆಗಳು ಮಾಯವಾಗಿ, ಚಪ್ಪಟೆಯಾದ ಬಣ್ಣದ ಚೌಕಗಳು ಪರದೆಯನ್ನು ತುಂಬಿದುವು.

ಆದರೆ ಇದೆಲ್ಲ ಅಲಂಕಾರದ ಮಾತು. ಅಲಂಕಾರವು ಕಾವ್ಯದ ಆತ್ಮವಲ್ಲವೆಂಬುದು ಆನಂದವರ್ಧನನ ಕಾಲಕ್ಕೇ ನಿರ್ಣಯವಾದ ಸಂಗತಿ. ನಗುಮುಖವನ್ನು ಮರಳಿ ಬರೆದಮಾತ್ರಕ್ಕೆ ಕೊರತೆ ತೀರುವುದಿಲ್ಲ. ಕೊರತೆಯ ಮೂಲವನ್ನು ಬೇರೊಂದೆಡೆ ನೋಡಬೇಕು.

1982ರ ಕಮೋಡೋರ್ 64 ಎಂಬ ಯಂತ್ರಕ್ಕೆ ವಿದ್ಯುತ್ತು ಕೊಟ್ಟೊಡನೆ ಬೇಸಿಕ್ ಭಾಷೆಯು ಅಪ್ಪಣೆಗಾಗಿ ಕಾದು ನಿಲ್ಲುತ್ತಿತ್ತು. ಕೊಂಡವನು ಬರೆಯಬಲ್ಲವನೇ ಎಂಬ ನಂಬಿಕೆ ಅದರಲ್ಲಿ ಅಡಕವಾಗಿತ್ತು. ಈ ನಂಬಿಕೆಯ ಅತ್ಯಂತ ಪಕ್ವವಾದ ಫಲವೆಂದರೆ 1987ರಲ್ಲಿ ಬಿಲ್ ಆಟ್ಕಿನ್‌ಸನ್ ರಚಿಸಿದ ಹೈಪರ್‌ಕಾರ್ಡ್. ಇದರಲ್ಲಿ ಬರವಣಿಗೆಯೆಲ್ಲ ಕಾರ್ಡುಗಳ ಒಂದು ಕಟ್ಟು. ಕಾರ್ಡಿನ ಮೇಲೆ ಮಾತು, ಚಿತ್ರ, ಗುಂಡಿ ಯಾವುದನ್ನಾದರೂ ಇಡಬಹುದು. ಗುಂಡಿಯನ್ನೊತ್ತಿದರೆ ಏನಾಗಬೇಕೆಂಬುದನ್ನು ಆಡುಮಾತಿಗೆ ಹತ್ತಿರವಾದ ಭಾಷೆಯಲ್ಲಿ ಬರೆಯಬಹುದು. ಓದು, ತುಂಬಿಕೆ, ಚಿತ್ರ, ರಚನೆ, ಆಜ್ಞಾಲೇಖನ ಎಂದು ಅದಕ್ಕೆ ಐದು ಮೆಟ್ಟಿಲುಗಳು. ಓದುಗನಾಗಿ ಒಳಹೊಕ್ಕವನು ತನಗರಿವಿಲ್ಲದೆಯೇ ಕರ್ತೃವಾಗಿ ಮೇಲೇರುತ್ತಿದ್ದನು. ಅನ್ಯರ ಕಟ್ಟಿನ ಗುಂಡಿಯನ್ನು ಬಿಚ್ಚಿ ನೋಡಿ, ಕಲಿತು, ತಿದ್ದಿ ತನ್ನದನ್ನು ಮಾಡಿಕೊಳ್ಳುವುದಕ್ಕೂ ಅವಕಾಶವಿತ್ತು. ಮಿಲರ್ ಸಹೋದರರ ಪ್ರಸಿದ್ಧ ಆಟವಾದ ಮಿಸ್ಟ್ 1993ರಲ್ಲಿ ಹೊರಬಂದದ್ದು ಈ ಕಾರ್ಡುಗಳ ಮೇಲೆಯೇ.

ಮೊದಲು ಇದು ಯಂತ್ರದೊಡನೆ ಉಚಿತವಾಗಿ ಬರುತ್ತಿತ್ತು. 1990ರ ನಂತರ ವ್ಯವಸ್ಥೆ ಬದಲಾಯಿತು: ಯಂತ್ರದೊಡನೆ ಬರುವುದು ಓದಲಿಕ್ಕೆ ಮಾತ್ರ ತಕ್ಕದ್ದು, ರಚಿಸಬೇಕೆಂಬವನು ಬೇರೆ ಹಣ ತೆತ್ತು ಕೊಳ್ಳಬೇಕು. ಪತನದ ಗುರುತು ಇಲ್ಲಿದೆ. ಒಂದೇ ಏಣಿಯ ಮೇಲಿದ್ದ ಓದುಗನೂ ಕರ್ತೃವೂ ಎರಡು ಜಾತಿಯಾದರು. 2004ರಲ್ಲಿ ಹೈಪರ್‌ಕಾರ್ಡಿನ ಮಾರಾಟವೇ ನಿಂತಿತು. ಮುಂದೆ ಬಂದ ಯಂತ್ರಗಳು ಮಾರುವವನು ಮಾಡಿಟ್ಟದ್ದನ್ನು ಆರಿಸಿಕೊಳ್ಳುವ ಅಂಗಡಿಯ ಮುಂಭಾಗದಂತಾದುವು.

ಪೂರ್ವಪಕ್ಷವನ್ನೂ ಕೇಳುವುದು ನ್ಯಾಯ. ಬಾಗಿಲು ತೆರೆದಿದ್ದರೆ ಕಳ್ಳನೂ ಬರುವನು. 1999ರಲ್ಲಿ ಮೆಲಿಸ್ಸಾ ಎಂಬ ಉಪದ್ರವವು ವರ್ಡ್ ಬರವಣಿಗೆಯೊಳಗೆ ಬಳಕೆದಾರನು ಬರೆದುಕೊಳ್ಳಲೆಂದು ಬಿಟ್ಟಿದ್ದ ಆಜ್ಞೆಗಳ ಮೂಲಕವೇ ಹರಡಿತು. ಏಕರೂಪತೆಯಿಂದ ಲಾಭವೂ ಉಂಟು. ಒಂದು ಕಾಲದಲ್ಲಿ ಒಬ್ಬೊಬ್ಬರು ಒಂದೊಂದು ಸಂಕೇತವನ್ನು ಹಿಡಿದು ಕನ್ನಡ ಅಚ್ಚನ್ನು ಮಾಡುತ್ತಿದ್ದುದರಿಂದ, ಒಂದು ಯಂತ್ರದ ಕನ್ನಡವು ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತಿತ್ತು. 1991ರ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತು, ಆ ಶಿಸ್ತು ಕ್ರಮೇಣ ಎಲ್ಲೆಡೆ ನೆಲೆಗೊಂಡದ್ದರಿಂದಲೇ ಇಂದು ಕನ್ನಡಿಗನ ಪತ್ರವು ಯಾವ ದೇಶದಲ್ಲಿಯೂ ಕನ್ನಡವಾಗಿ ಉಳಿಯುತ್ತದೆ. ನಿಯಮವನ್ನೇ ಹಳಿಯುವವನು ಈ ಉಪಕಾರವನ್ನು ಮರೆಯಬಾರದು.

ಆದರೆ ನಿಯಮಕ್ಕೂ ಲೀಲೆಗೂ ಹುಟ್ಟುಹಗೆಯಿಲ್ಲ. ಷಟ್ಪದಿಯ ಮಾತ್ರೆಗಳು ಕುಮಾರವ್ಯಾಸನನ್ನು ಕಟ್ಟಿಹಾಕಲಿಲ್ಲ. ಯೂನಿಕೋಡು ಅಕ್ಷರಗಳಿಗೆ ಸಂಖ್ಯೆಯನ್ನು ಗೊತ್ತುಮಾಡಿತೇ ಹೊರತು ಯಾರು ಬರೆಯಬೇಕೆಂದು ಗೊತ್ತುಮಾಡಲಿಲ್ಲ. ಛಂದಸ್ಸಿನಂತೆ ಅದು ಬರೆಯುವವರೆಲ್ಲರಿಗೂ ಸಾಮಾನ್ಯ. ಹೈಪರ್‌ಕಾರ್ಡಿಗೆ ಬಂದ ಕಟ್ಟಾದರೋ ಬರೆಯುವವರನ್ನೇ ವಿಂಗಡಿಸಿತು. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ, ಸುರಕ್ಷತೆಗಾಗಿ ಲೀಲೆಯನ್ನು ಬಿಡುವುದು ಅನಿವಾರ್ಯವೆಂಬ ಭ್ರಮೆ ಹುಟ್ಟಿದೆ.

ಅದು ಅನಿವಾರ್ಯವಲ್ಲವೆಂಬುದಕ್ಕೆ ಸಾಕ್ಷ್ಯವೂ ಇದೆ. ಅಮೆರಿಕದ ಎಂ.ಐ.ಟಿ.ಯವರು 2007ರಲ್ಲಿ ಹೊರತಂದ ಸ್ಕ್ರಾಚ್‌ನಲ್ಲಿ ಮಕ್ಕಳು ಬಣ್ಣದ ತುಂಡುಗಳನ್ನು ಜೋಡಿಸಿ ಆಟಗಳನ್ನು ಕಟ್ಟುತ್ತಾರೆ; ಒಬ್ಬರದನ್ನು ಒಬ್ಬರು ಬಿಚ್ಚಿ ನೋಡುತ್ತಾರೆ. ಲೆಕ್ಕದ ಹಾಳೆಗಳಲ್ಲಿ ಇಂದಿಗೂ ಗುಮಾಸ್ತರು ತಮಗೆ ಬೇಕಾದ ಸೂತ್ರಗಳನ್ನು ತಾವೇ ಹೆಣೆಯುತ್ತಾರೆ. ತಾವು ಕರ್ತೃಗಳೆಂಬ ಅರಿವು ಅವರಿಗಿಲ್ಲ, ಅಷ್ಟೆ. ಲೀಲೆಯು ಸತ್ತಿಲ್ಲ, ಒಂದು ಕಡೆ ಮಕ್ಕಳ ಅಂಗಳಕ್ಕೂ ಇನ್ನೊಂದು ಕಡೆ ಕಚೇರಿಯ ಕಡತಕ್ಕೂ ಸರಿದುಕೊಂಡಿದೆ. ನಡುವೆ ನಿಂತಿರುವ ಸಾಮಾನ್ಯ ಗೃಹಸ್ಥನಿಗೆ ಮಾತ್ರ ಅದು ದೂರವಾಗಿದೆ.

ಆದಕಾರಣ ಹಳೆಯ ಚಿತ್ರಗಳಿಗಾಗಿ ಹಂಬಲಿಸುವುದಕ್ಕಿಂತ, ಕೊಂಡ ಯಂತ್ರದೊಡನೆ ಬರೆಯುವ ಹಲಗೆಯನ್ನೂ ಕೇಳುವುದು ವಿವೇಕ. ಮನೆಯ ಮಗುವು ಯಂತ್ರದ ಮುಂದೆ ಕುಳಿತು, ಇದರೊಳಗೆ ಏನಿದೆ, ಇದನ್ನು ತಾನೂ ಮಾಡಬಹುದೆ ಎಂದು ಕೇಳಿದಾಗ ಹಿರಿಯರು ಅಲ್ಲವೆನ್ನಬೇಕಾಗಿ ಬಂದರೆ, ಆ ಯಂತ್ರವು ಎಷ್ಟು ವೇಗದ್ದಾದರೂ ಮನೆಗೆ ಬಂದ ವಿದ್ಯೆ ಅರ್ಧವೇ.